ಕೋರಮಂಗಲದ ಬಚ್ಚಲು, ಕೋಲಾರದ ಕೆರೆ

ಬೆಂಗಳೂರಿನ ಕೋರಮಂಗಲ ಬಡಾವಣೆಗೂ ಕೋಲಾರ ಸೀಮೆಯ ರಾಗಿ ಹೊಲಕ್ಕೂ ಏನು ನಂಟು? ಹಿಂದೆ ಯಾರಾದರೂ ಹೀಗೆ ಕೇಳಿದ್ದರೆ, ‘ನಮ್ಮ ಹುಡುಗರು ಅಲ್ಲಿಗೆ ಕೆಲಸಕ್ಕೆ ಹೋಗ್ತಾರೆ, ನಮ್ಮ ಟೊಮೆಟೊ ಅವರ ಸಾರಿಗೆ ಹೋಗುತ್ತೆ, ಅಷ್ಟೇ’ ಅನ್ನುತ್ತಿದ್ದೆವು. 2018ರ ಜೂನ್ ತಿಂಗಳಿಂದ ಆ ಮಾತು ಸಾಲದು. ಆ ತಿಂಗಳು ಕೋಲಾರ ತಾಲೂಕು ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ ಬೆಂಗಳೂರಿನ ಬಚ್ಚಲು ನೀರು ಶುದ್ಧವಾಗಿ ಕೊಳವೆಯಲ್ಲಿ ಬಂದು ಬಿತ್ತು. ಅಲ್ಲಿಂದ ಒಂದು ಕೆರೆ ತುಂಬಿ ಇನ್ನೊಂದಕ್ಕೆ ಹರಿಯುತ್ತಾ ಬಂದಿದೆ.

ಈ ಯೋಜನೆಗೆ ನಮ್ಮ ಜನ ‘ಕೆ.ಸಿ. ವ್ಯಾಲಿ’ ಅಂತಾರೆ. ಬಸ್ಸಿನಲ್ಲಿ, ಡೈರಿ ಮುಂದೆ, ಸಂತೆಯಲ್ಲಿ ಎಲ್ಲೆಲ್ಲೂ ಅದೇ ಹೆಸರು. ಆದರೆ ‘ಕೆ’ ಅಂದರೆ ಕೋರಮಂಗಲ, ‘ಸಿ’ ಅಂದರೆ ಚಲ್ಲಘಟ್ಟ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಎರಡೂ ಬೆಂಗಳೂರಿನ ಆಗ್ನೇಯ ಭಾಗದ ಹಳೆಯ ಹಳ್ಳಿಗಳ ಹೆಸರು. ಆ ಕಡೆಯ ಕಣಿವೆಗೆ ಇವೇ ಹೆಸರು ನಿಂತಿವೆ.

ಕೆರೆ ನೀರಾವರಿ ಮಾಡುವ ರೈತನಿಗೆ ಮೇಲಿನ ಊರು ಗೊತ್ತಿರಬೇಕು. ಮೇಲಿನ ಕೆರೆ ಕೋಡಿ ಬಿದ್ದರೆ ನಮ್ಮ ಕೆರೆಗೆ ನೀರು. ಮೇಲಿನವರು ಕಾಲುವೆ ಮುಚ್ಚಿದರೆ ನಮಗೆ ಬರ. ಈಗ ನಮ್ಮ ಮೇಲಿನ ಊರು ಕೋರಮಂಗಲ. ಹಾಗಾಗಿ ಆ ಊರಿನ ಸಂಗತಿಯನ್ನು ರೈತರಾದ ನಾವು ತಿಳಿದುಕೊಳ್ಳುವುದು ಒಳ್ಳೆಯದು ಅಂತ ಈ ಬರಹ.

ಕೆರೆಯಂಗಳದ ಮೇಲಿನ ಮನೆಗಳು

ಕೋರಮಂಗಲ ದೊಡ್ಡ ಬಡಾವಣೆ. ಒಂದರಿಂದ ಎಂಟರವರೆಗೆ ಬ್ಲಾಕುಗಳಿವೆ. ಒಂದು ಮಗ್ಗುಲಿಗೆ ಹೊಸೂರು ರಸ್ತೆ, ಇನ್ನೊಂದು ಮಗ್ಗುಲಿಗೆ ಸರ್ಜಾಪುರ ರಸ್ತೆ. ನಡುವೆ 80 ಅಡಿ ರಸ್ತೆ, 100 ಅಡಿ ರಸ್ತೆ. ಐವತ್ತು–ಅರವತ್ತು ವರ್ಷದ ಹಿಂದೆ ಇದು ಊರ ಹೊರಗಿನ ಹೊಲ, ಗದ್ದೆ, ಕೆರೆ. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ ಆಯಿತು. ಆ ಕಾಲದಲ್ಲೇ ಇಲ್ಲಿ ಜಮೀನು ಸೈಟುಗಳಾಗುತ್ತಾ ಹೋಯಿತು. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದ ಆಟಗಾರರ ಬಿಡಾರಕ್ಕೆ ಅಂತ ಕಟ್ಟಿದ ಬಹುಮಹಡಿ ಮನೆಗಳೂ ಇಲ್ಲೇ ಇವೆ. ಆಮೇಲೆ ಕಂಪ್ಯೂಟರ್ ಕಂಪನಿಗಳು, ಹೋಟೆಲುಗಳು, ಅಂಗಡಿ ಸಾಲು. ಫ್ಲಿಪ್‌ಕಾರ್ಟ್ ಅನ್ನುವ ಆನ್‌ಲೈನ್ ಅಂಗಡಿ 2007ರಲ್ಲಿ ಶುರುವಾದದ್ದು ಇಲ್ಲಿಯ ಒಂದು ಮನೆಯಲ್ಲಿ.

ಇದೆಲ್ಲಾ ಪಟ್ಟಣದವರಿಗೆ ಗೊತ್ತಿರುವ ಸಂಗತಿ. ರೈತನ ಕಣ್ಣಿಗೆ ಬೀಳುವುದು ಬೇರೆ. ನಾಲ್ಕನೇ ಬ್ಲಾಕಿನ ಕಡೆ ‘ಎಸ್.ಟಿ. ಬೆಡ್’ ಅಂತ ಒಂದು ಭಾಗವಿದೆ. ಎಸ್.ಟಿ. ಅಂದರೆ ಶ್ರೀನಿವಾಗಿಲು ಟ್ಯಾಂಕ್. ಟ್ಯಾಂಕ್ ಬೆಡ್ ಅಂದರೆ ಕೆರೆಯಂಗಳ. ಶ್ರೀನಿವಾಗಿಲು ಕೆರೆಯ ಅಂಗಳದಲ್ಲಿ ಮನೆ ಕಟ್ಟಿ, ಅದಕ್ಕೆ ಕೆರೆಯಂಗಳ ಅಂತಲೇ ಹೆಸರಿಟ್ಟು, ಇಂಗ್ಲಿಷ್ ಅಕ್ಷರದಲ್ಲಿ ಮುಚ್ಚಿಟ್ಟಿದ್ದಾರೆ. ಜೋರು ಮಳೆ ಬಂದರೆ ಅಲ್ಲಿ ಮನೆಯೊಳಗೆ ನೀರು ನುಗ್ಗುತ್ತದೆ. ಮರುದಿನ ಪೇಪರಿನಲ್ಲಿ ಮುಳುಗಿದ ಕಾರುಗಳ ಫೋಟೊ ಬರುತ್ತದೆ. ನೀರು ತನ್ನ ಜಾಗಕ್ಕೆ ಬಂದು ಕೂತಿದೆ, ಅದರಲ್ಲಿ ಆಶ್ಚರ್ಯ ಏನಿದೆ?

ಬೆಂಗಳೂರಿನಲ್ಲಿ ಇದೊಂದೇ ಹೀಗಲ್ಲ. ಧರ್ಮಾಂಬುಧಿ ಕೆರೆಯಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಇದೆ. ಚಲ್ಲಘಟ್ಟ ಕೆರೆ ಗಾಲ್ಫ್ ಆಡುವ ಮೈದಾನವಾಗಿದೆ. ನಮ್ಮ ಯೋಜನೆಯ ಹೆಸರಿನಲ್ಲಿ ಬರುವ ಚಲ್ಲಘಟ್ಟ ಅದೇ.

ನೀರು ಬರುವ ದಾರಿ, ಹೋಗುವ ದಾರಿ

ಬೆಂಗಳೂರು ಇರುವುದು ದಿಣ್ಣೆ ಮೇಲೆ, ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿ. ಪಡುವಣ ಕಡೆ ಬಿದ್ದ ನೀರು ವೃಷಭಾವತಿ ಹಿಡಿದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಮೂಡಣ ಕಡೆ ಬಿದ್ದದ್ದು ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆ ಹಿಡಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಕೋರಮಂಗಲದ ರಾಜಕಾಲುವೆ ಮೆಜೆಸ್ಟಿಕ್ ಕಡೆಯಿಂದ ಹೊರಟು ಶಾಂತಿನಗರ ದಾಟಿ, ಕೋರಮಂಗಲ ದಾಟಿ, ಬೆಳ್ಳಂದೂರು ಕೆರೆಗೆ ಬೀಳುತ್ತದೆ. ಅಲ್ಲಿಂದ ವರ್ತೂರು ಕೆರೆ, ಆಮೇಲೆ ದಕ್ಷಿಣ ಪಿನಾಕಿನಿ, ಆಮೇಲೆ ತಮಿಳುನಾಡಿನ ಹೊಸೂರು ಕಡೆ.

ಮಳೆ ನೀರು ಹೋಗಬೇಕಾದ ಕಾಲುವೆಯಲ್ಲಿ ವರ್ಷವೆಲ್ಲ ಕೊಳಚೆ ಹರಿಯಿತು. ಬೆಳ್ಳಂದೂರು ಕೆರೆ ಅದನ್ನು ಎಷ್ಟು ಕಾಲ ತಡೆದೀತು? 2015ರ ಮೇ ತಿಂಗಳಲ್ಲಿ, 2017ರ ಫೆಬ್ರವರಿಯಲ್ಲಿ, 2018ರ ಜನವರಿಯಲ್ಲಿ ಆ ಕೆರೆಗೆ ಬೆಂಕಿ ಬಿತ್ತು. ಹತ್ತಿಯಂಥ ಬಿಳಿ ನೊರೆ ಎದ್ದು ರಸ್ತೆ ಮೇಲೆ ಹಾರಾಡಿತು. ಕೆರೆಗೆ ಬೆಂಕಿ ಬೀಳುತ್ತೆ ಅಂತ ನಮ್ಮ ಅಜ್ಜನಿಗೆ ಹೇಳಿದ್ದರೆ ನಂಬುತ್ತಿರಲಿಲ್ಲ.

ಇನ್ನು ಕೋರಮಂಗಲದ ನಲ್ಲಿಗೆ ನೀರು ಬರುವುದು ಕಾವೇರಿಯಿಂದ. ಮೊದಲ ಹಂತದ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 1,600 ಅಡಿ ಮೇಲಕ್ಕೆ ಪಂಪಿನಲ್ಲಿ ಎತ್ತಿ ತರಬೇಕು. ಕೋಲಾರದವರಿಗೆ ಈ 1,600 ಅಡಿ ಹೊಸದಲ್ಲ. ನಮ್ಮಲ್ಲಿ ಎಷ್ಟೋ ಬೋರು ಅಷ್ಟು ಆಳ ಹೋಗಿವೆ. ನಾವು ನೆಲದ ಒಳಗಿಂದ ಎತ್ತಿದ್ದನ್ನು ಅವರು ನದಿಯಿಂದ ಎತ್ತುತ್ತಾರೆ. ಎರಡಕ್ಕೂ ಕರೆಂಟು ಬೇಕು, ಎರಡೂ ನಿಲ್ಲಬಹುದಾದ ನೀರು.

ಹೀಗೆ ಕಾವೇರಿ ಕಣಿವೆಯ ನೀರು ಕೋರಮಂಗಲದ ಅಡುಗೆಮನೆ, ಬಚ್ಚಲುಮನೆ ಕಂಡು, ಶುದ್ಧೀಕರಣ ಘಟಕ ದಾಟಿ, ಐವತ್ತು ಕಿಲೋಮೀಟರಿಗೂ ಮಿಕ್ಕಿದ ಕೊಳವೆಯಲ್ಲಿ ನಮ್ಮ ಕೆರೆಗೆ ಬರುತ್ತಿದೆ. ಕೋರಮಂಗಲದ್ದು ಮಾತ್ರ ಅಲ್ಲ, ಆ ಕಣಿವೆಗೆ ಬೀಳುವ ಎಲ್ಲ ಬಡಾವಣೆಗಳದ್ದೂ ಸೇರಿರುತ್ತದೆ.

ನೀರುಗಂಟಿ ಮಗ ಮಾಡುವ ಕೆಲಸ

ನಮ್ಮೂರಲ್ಲಿ ಕೆರೆ ತೂಬು ಎತ್ತಿ ಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿ ಒಬ್ಬರಿದ್ದರು. ಕೆರೆ ಬತ್ತಿದ ಮೇಲೆ ಅವರ ಕೆಲಸವೂ ನಿಂತಿತು. ಅವರ ಮಗ ಈಗ ಕೋರಮಂಗಲದ ಒಂದು ಅಪಾರ್ಟ್‌ಮೆಂಟಿನಲ್ಲಿ ಮೋಟರು, ಸಂಪು, ಟ್ಯಾಂಕು ನೋಡಿಕೊಳ್ಳುತ್ತಾನೆ. ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಅವನನ್ನು ನೋಡಿ ಬಂದೆ.

‘ಏನಪ್ಪಾ, ಅಪ್ಪನ ಕೆಲಸಾನೇ ಮಾಡ್ತಾ ಇದ್ದೀಯಲ್ಲ’ ಅಂದೆ. ನಕ್ಕ. ‘ಅಪ್ಪ ಒಂದು ತೂಬು ಎತ್ತಿದ್ರೆ ಊರೆಲ್ಲಾ ನೋಡ್ತಿತ್ತು ಅಣ್ಣ. ಇಲ್ಲಿ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಅಂತ ಒಬ್ರೂ ಕೇಳಲ್ಲ. ನಲ್ಲಿ ನಿಂತ್ರೆ ಮಾತ್ರ ಫೋನ್ ಮಾಡ್ತಾರೆ’ ಅಂದ.

ನೆಲಮಾಳಿಗೆಯಲ್ಲಿ ಅವರದೇ ಪುಟ್ಟ ಶುದ್ಧೀಕರಣ ಘಟಕ ಇದೆ. ತೋರಿಸಿದ. ಕೊಳಚೆಯನ್ನು ಜಾಲರಿಯಲ್ಲಿ ಸೋಸುತ್ತಾರೆ. ತೊಟ್ಟಿಯಲ್ಲಿ ಗಾಳಿ ಊದುತ್ತಾರೆ. ಗಾಳಿ ಸಿಕ್ಕಿದರೆ ಒಳಗಿನ ಸೂಕ್ಷ್ಮಜೀವಿಗಳು ಬೆಳೆದು ಹೊಲಸನ್ನು ತಿನ್ನುತ್ತವೆ. ಆಮೇಲೆ ಗಷ್ಟು ತಳಕ್ಕೆ ಕೂರುತ್ತದೆ, ತಿಳಿ ಮೇಲೆ ಬರುತ್ತದೆ. ತಿಪ್ಪೆಯನ್ನು ಮಗುಚಿ ಹಾಕಿದರೆ ಬೇಗ ಕೊಳೆಯುತ್ತಲ್ಲ, ಹಾಗೇ. ‘ಕರೆಂಟು ಹೋಗಿ ಗಾಳಿ ನಿಂತ್ರೆ ಒಂದೇ ದಿನಕ್ಕೆ ವಾಸನೆ ಹೊಡೆಯುತ್ತೆ’ ಅಂದ. ಸರ್ಕಾರದ ದೊಡ್ಡ ಘಟಕದ ಮೂಲ ಕೆಲಸವೂ ಹೀಗೇ ನಡೆಯುವುದು. ಇಲ್ಲಿಯವರೆಗಿನದನ್ನು ಎರಡನೇ ಹಂತದ ಶುದ್ಧೀಕರಣ ಅಂತಾರೆ. ಮೂರನೇ ಹಂತ ಅಂದರೆ ಇನ್ನೂ ನಯವಾಗಿ ಸೋಸಿ, ಉಳಿದ ರಂಜಕ, ಸಾರಜನಕ, ರೋಗಾಣು ತೆಗೆಯುವುದು. ನಮಗೆ ಬರುತ್ತಿರುವುದು ಎರಡನೇ ಹಂತದ್ದು. ಮೂರನೇ ಹಂತ ಮಾಡಿ ಕೊಡಿ ಅನ್ನುವುದು ಇಲ್ಲಿಯ ಹೋರಾಟಗಾರರ ಹಳೆಯ ಬೇಡಿಕೆ.

ಎಕರೆ ಲೆಕ್ಕದಲ್ಲಿ

ಯೋಜನೆಯ ಕಾಗದದಲ್ಲಿ ಲೀಟರು, ಟಿಎಂಸಿ ಅಂತ ಇರುತ್ತೆ. ರೈತನಿಗೆ ಅರ್ಥವಾಗುವ ಹಾಗೆ ಲೆಕ್ಕ ಹಾಕೋಣ.

ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರು ಅಂತ ಸರ್ಕಾರದ ಲೆಕ್ಕ. ನಾಲ್ಕು ಜನರ ಮನೆಗೆ 540 ಲೀಟರು. ಅದರಲ್ಲಿ ನೂರಕ್ಕೆ 80 ಪಾಲು ಬಚ್ಚಲಿಗೆ ಹೋಗುತ್ತೆ, ಅಂದರೆ ಸುಮಾರು 430 ಲೀಟರು. ಒಂದು ಎಕರೆಯಲ್ಲಿ ಒಂದು ಅಂಗುಲ ನೀರು ನಿಲ್ಲಬೇಕಾದರೆ ಒಂದು ಲಕ್ಷ ಲೀಟರಿಗೆ ಸ್ವಲ್ಪ ಹೆಚ್ಚು ಬೇಕು. ಹಾಗಾದರೆ 240 ಮನೆಯ ಒಂದು ಅಪಾರ್ಟ್‌ಮೆಂಟು ದಿನಾ ಒಂದು ಎಕರೆಗೆ ಒಂದು ಅಂಗುಲ ಮಳೆಯಷ್ಟು ನೀರು ಹೊರಗೆ ಬಿಡುತ್ತದೆ. ಬೇಸಿಗೆ, ಮಳೆಗಾಲ ಅಂತಿಲ್ಲ. ಯುಗಾದಿಗೂ ಬಿಡುತ್ತೆ, ಶಿವರಾತ್ರಿಗೂ ಬಿಡುತ್ತೆ.

ಕೆ.ಸಿ. ವ್ಯಾಲಿ ಯೋಜನೆಯ ಮೊದಲ ಲೆಕ್ಕ ದಿನಕ್ಕೆ 44 ಕೋಟಿ ಲೀಟರು, 126 ಕೆರೆಗೆ. ದಿನವೂ ಅಷ್ಟೇ ಬಂದರೆ 4,200ಕ್ಕೂ ಹೆಚ್ಚು ಎಕರೆಗೆ ಒಂದೊಂದು ಅಂಗುಲ. ವರ್ಷಕ್ಕೆ ಐದೂವರೆ ಟಿಎಂಸಿಗೂ ಮೇಲೆ. ಹೊಳೆ ಇಲ್ಲದ ನಮ್ಮ ಸೀಮೆಗೆ ಇದು ಸಣ್ಣ ಮಾತಲ್ಲ. ಆದರೆ ಈ ನೀರನ್ನು ಕೆರೆಯಿಂದ ನೇರವಾಗಿ ಹೊಲಕ್ಕೆ ಹಾಯಿಸಲು ಕೊಟ್ಟಿಲ್ಲ. ಕೆರೆಯಲ್ಲಿ ನಿಂತು, ನೆಲಕ್ಕೆ ಇಳಿದು, ಬೋರಿಗೆ ಜೀವ ಬರಲಿ ಅಂತ ಕೊಟ್ಟಿದ್ದು. ಕೆರೆಗೆ ಪಂಪು ಇಟ್ಟು ಎಳೆದರೆ ಮುಂದಿನ ಕೆರೆಗೆ ನೀರು ಹೋಗುವುದಿಲ್ಲ. ಕೊನೆಯ ಕೆರೆಯವರು ಏನು ಮಾಡಬೇಕು?

ಬಂದ ಲಾಭ, ಉಳಿದ ಅನುಮಾನ

ಶುರುವಿನಲ್ಲೇ ಗಲಾಟೆ ಆಯಿತು. 2018ರ ಜುಲೈಯಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿತು. ವಿಷಯ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಆ ವರ್ಷವೇ ತಡೆ ತೆರವಾಗಿ ನೀರು ಮತ್ತೆ ಹರಿಯಿತು.

ನೀರು ಬಂದ ಕೆರೆಗಳ ಹಿಂದೆ–ಮುಂದೆ ಬೋರುಗಳಲ್ಲಿ ನೀರು ಮೇಲೆ ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿ ಅಂತರ್ಜಲ ಏರಿದೆ ಅಂದಿದ್ದಾರೆ. ಒಣಗಿದ್ದ ಬೋರು ತಿರುಗಿ ನೀರು ಕೊಟ್ಟಾಗ ಆ ಮನೆಯವರಿಗೆ ಆಗುವ ಸಂತೋಷ ನನಗೂ ಗೊತ್ತು. ಅದನ್ನು ಬೇಡ ಅನ್ನಲು ಯಾರಿಗೂ ಬಾಯಿ ಬಾರದು.

ಆದರೂ ಕೆಲವು ಸಂಗತಿ ಯೋಚಿಸಬೇಕು.

ಒಂದು, ಸಾರಜನಕ. ಮಣ್ಣು ಎಷ್ಟೋ ಹೊಲಸನ್ನು ಸೋಸುತ್ತದೆ, ಆದರೆ ನೈಟ್ರೇಟನ್ನು ಹಿಡಿದಿಡುವುದಿಲ್ಲ. ಅದು ನೀರಿನ ಜೊತೆ ಬೋರಿಗೆ ಇಳಿಯುತ್ತದೆ. ನೈಟ್ರೇಟು ಜಾಸ್ತಿ ಇರುವ ನೀರು ಹಸುಗೂಸುಗಳಿಗೆ ಅಪಾಯ. ಕುದಿಸಿದರೂ ಹೋಗುವುದಿಲ್ಲ. ನಮ್ಮ ಬೋರು ನೀರಿನಲ್ಲಿ ಫ್ಲೋರೈಡು ಮೊದಲೇ ಇದೆ, ಅದರ ಜೊತೆ ಇದೊಂದು ಬೇಡ.

ಎರಡು, ಕೆರೆ ಗೋಡು. ನಮ್ಮ ಹಿರಿಯರು ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಹೂಳೆತ್ತಿದ ಹಾಗೆ. ವರ್ಷವಿಡೀ ತುಂಬಿರುವ ಕೆರೆಯಲ್ಲಿ ಗೋಡು ತೆಗೆಯುವುದು ಹೇಗೆ? ತೂಬು ರಿಪೇರಿ ಯಾವಾಗ? ಪಟ್ಟಣದ ನೀರಿನಲ್ಲಿ ಸೀಸ, ಸತುವಿನಂಥ ಲೋಹ ಇದ್ದರೆ ಅದು ಕೂರುವುದೂ ಆ ಗೋಡಿನಲ್ಲೇ.

ಮೂರು, ನಮ್ಮದೇ ರಾಜಕಾಲುವೆ. ಕೊಳವೆಯಿಂದ ಕೆರೆ ತುಂಬುತ್ತೆ ಅಂತ ಆದ ಮೇಲೆ ಗುಡ್ಡದಿಂದ ಬರುವ ಕಾಲುವೆ ಮೇಲೆ ಯಾರಿಗೂ ಗಮನವಿಲ್ಲ. ಒಬ್ಬರು ಉತ್ತುಕೊಂಡರು, ಇನ್ನೊಬ್ಬರು ದಾರಿ ಮಾಡಿಕೊಂಡರು. ಕೆರೆಯ ಮೇಲ್ಭಾಗದಲ್ಲಿ ನೀಲಗಿರಿ ನೆಟ್ಟು ಓಟದ ನೀರು ನಿಂತ ಊರುಗಳೂ ಇವೆ. 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಲ್ಲಿಸಿತು, ಹಳೆಯವು ಎಷ್ಟೋ ಕಡೆ ನಿಂತೇ ಇವೆ. ಶ್ರೀನಿವಾಗಿಲು ಕೆರೆಯೂ ಒಂದೇ ದಿನಕ್ಕೆ ಹೋಗಿರಲಾರದು. ಮೊದಲು ಕಾಲುವೆ ಮರೆತಿರುತ್ತಾರೆ, ಆಮೇಲೆ ಕೆರೆ ಮರೆತಿರುತ್ತಾರೆ.

ನಾಲ್ಕು, ಈ ನೀರು ಎಂದೆಂದಿಗೂ ಬರುತ್ತೆ ಅನ್ನೋ ಭರವಸೆ ಇಲ್ಲ. 2024ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲೇ ಬೋರುಗಳು ಬತ್ತಿ ಕುಡಿಯುವ ನೀರಿಗೆ ಹಾಹಾಕಾರ ಆಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಹಾಕಿದರು. ಕಟ್ಟಡಕ್ಕೆ, ಗಿಡಕ್ಕೆ ಶುದ್ಧ ಮಾಡಿದ ಬಚ್ಚಲು ನೀರನ್ನೇ ಬಳಸಿ ಅಂದರು. ಅವರ ನೀರನ್ನು ಅವರು ಎರಡು ಸಲ ಬಳಸುವುದು ಸರಿಯಾದ ಕೆಲಸವೇ. ಆಗ ನಮ್ಮ ಪಾಲು ಎಷ್ಟು ಉಳಿಯುತ್ತೆ? 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಬಂದಿದೆ, ದಿನಕ್ಕೆ 77.5 ಕೋಟಿ ಲೀಟರು. ಅದರಿಂದ ಬಚ್ಚಲು ನೀರೂ ಹೆಚ್ಚಬಹುದು. ಆದರೆ ಕಾವೇರಿ ಸೀಮೆಯಲ್ಲಿ ಮಳೆ ಹೋದ ವರ್ಷ ಕೋರಮಂಗಲಕ್ಕೂ ಕಷ್ಟ, ನಮಗೂ ಕಷ್ಟ.

ನಾವು ಮಾಡಿಕೊಳ್ಳಬಹುದಾದ್ದು

ಈ ನೀರು ತುಂಬಿದ ಕೆರೆಗಳ ಆಸುಪಾಸಿನ ರೈತರಿಗೆ ನನಗೆ ತೋಚಿದ ಕೆಲವು ಮಾತು:

1. ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ, ಬೋರು ನೀರು ಪರೀಕ್ಷೆ ಮಾಡಿಸಿ. ಕುಡಿಯುವ ಬೋರಾದರೆ ನೈಟ್ರೇಟು, ಫ್ಲೋರೈಡು ಎರಡನ್ನೂ ನೋಡಿಸಿ. ಹೊಲದ ಬೋರಾದರೆ ಉಪ್ಪಿನಂಶ ನೋಡಿಸಿ. ಎಲ್ಲಿ ಮಾಡಿಸಬೇಕು ಅಂತ ಗೊತ್ತಾಗದಿದ್ದರೆ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಚೀಟಿಗಳನ್ನು ಒಂದು ಕಡೆ ಜೋಪಾನವಾಗಿಡಿ. ಮುಂದೆ ಯಾರನ್ನಾದರೂ ಕೇಳಬೇಕಾದರೆ ಅದೇ ನಮ್ಮ ಸಾಕ್ಷಿ.

2. ಕೆರೆ ನೀರು ನೇರವಾಗಿ ತಾಗುವ ಜಾಗದಲ್ಲಿ ಕೊತ್ತಂಬರಿ, ಪುದೀನ, ಸೊಪ್ಪು, ಮೂಲಂಗಿ, ಕ್ಯಾರೆಟ್ ಥರ ಹಸಿಯಾಗಿ ತಿನ್ನುವುದನ್ನು ಬೆಳೆಯಬೇಡಿ. ಮೇವಿನ ಹುಲ್ಲು, ಮರ, ರಾಗಿ, ಜೋಳ ಆದೀತು. ಈ ನೀರಿನಲ್ಲಿ ಕಾಲಿಟ್ಟು ಕೆಲಸ ಮಾಡಿದ ಮೇಲೆ ಸೋಪು ಹಾಕಿ ಕೈಕಾಲು ತೊಳೆದೇ ಊಟಕ್ಕೆ ಕೂರಿ.

3. ನೀರಿನಲ್ಲಿ ಸಾರಜನಕ ಕಂಡುಬಂದರೆ ಯೂರಿಯಾ ಕಡಿಮೆ ಮಾಡಿ. ಇಲ್ಲದಿದ್ದರೆ ರಾಗಿ ಸೊಕ್ಕಿ ಬೆಳೆದು, ತೆನೆ ಬರುವ ಹೊತ್ತಿಗೆ ಮಲಗುತ್ತದೆ. ತಿಪ್ಪೆ ಗೊಬ್ಬರ ಬಿಡಬೇಡಿ, ಉಪ್ಪಿನ ನೀರನ್ನು ತಡೆಯುವ ಶಕ್ತಿ ಮಣ್ಣಿಗೆ ಬರುವುದು ಅದರಿಂದ.

4. ಇಂಥ ಕೆರೆಯ ಗೋಡನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬೇಡಿ.

5. ಬೋರಿನಲ್ಲಿ ನೀರು ಮೇಲೆ ಬಂತು ಅಂತ ಇನ್ನೊಂದು ಬೋರು ಕೊರೆಸಿ, ಇದ್ದದ್ದೆಲ್ಲ ಟೊಮೆಟೊ ಹಾಕುವುದು ಬೇಡ. ಒಂದೆರಡು ಎಕರೆ ಖುಷ್ಕಿ ಖುಷ್ಕಿಯಾಗೇ ಇರಲಿ. ರಾಗಿ, ಅವರೆ, ತೊಗರಿ, ಹುರುಳಿ ಬೀಜ ಮನೆಯಲ್ಲಿ ಉಳಿಯಲಿ. ಕೊಳವೆ ನಿಂತ ವರ್ಷ ಮನೆ ನಡೆಸುವುದು ಅದೇ.

6. ಮಳೆಗಾಲಕ್ಕೆ ಮುಂಚೆ ಊರಿನವರು ಒಂದು ದಿನ ಸೇರಿ ರಾಜಕಾಲುವೆ ಸವರಿ. ಒತ್ತುವರಿ ಇದ್ದರೆ ಮೊದಲು ಮಾತಿನಲ್ಲಿ ಹೇಳಿ, ಕೇಳದಿದ್ದರೆ ಪಂಚಾಯಿತಿಗೆ ಬರೆದು ಕೊಡಿ. ಕೋಲಾರದಲ್ಲಿ ವರ್ಷಕ್ಕೆ ಸುಮಾರು 29 ಅಂಗುಲ ಮಳೆ ಬೀಳುತ್ತದೆ. ಅದು ಯಾರ ಬಚ್ಚಲನ್ನೂ ದಾಟಿ ಬಂದ ನೀರಲ್ಲ, ಅದಕ್ಕೆ ಕರೆಂಟೂ ಬೇಡ.

7. ಮೂರನೇ ಹಂತದ ಶುದ್ಧೀಕರಣ ಕೇಳುವುದನ್ನು ಬಿಡಬೇಡಿ. ನೀರಿನ ಪರೀಕ್ಷೆಯ ಫಲಿತಾಂಶವನ್ನು ಪ್ರತಿ ತಿಂಗಳು ಪಂಚಾಯಿತಿ ಬೋರ್ಡಿಗೆ, ಕನ್ನಡದಲ್ಲಿ, ಅಂಟಿಸಿ ಅಂತ ಕೇಳಿ. ಇದು ನಮ್ಮ ಹಕ್ಕು.

ಕೋರಮಂಗಲದವರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಎಲ್ಲಿಂದಲೋ ಬಂದು ಸಾಲ ಮಾಡಿ ಮನೆ ಮಾಡಿಕೊಂಡವರು. ಆದರೆ ಅವರು ಬಳಸುವ ಸೋಪಿನ ಪುಡಿ, ಬಚ್ಚಲಿಗೆ ಸುರಿಯುವ ಆಸಿಡ್ಡು, ಹಳೆಯ ಮಾತ್ರೆ, ಹೋಟೆಲಿನ ಎಣ್ಣೆ, ಎಲ್ಲಾ ಈ ಕಣಿವೆಗೇ ಇಳಿಯುವುದು ಅಂತ ಅವರಿಗೂ ತಿಳಿದರೆ ಒಳ್ಳೆಯದು. ಕೆಳಗಿನ ಊರು ಅಂತ ಒಂದಿದೆ ಅನ್ನುವುದು ಮೇಲಿನ ಊರಿನವರಿಗೆ ನೆನಪಿರಬೇಕು. ಅಲ್ಲಿ ಮಕ್ಕಳು, ನೆಂಟರು ಇರುವ ರೈತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮುಂದಿನ ಸಲ ಫೋನು ಮಾಡಿದಾಗ ಮಳೆ ಬೆಳೆ ಜೊತೆ ಈ ಮಾತನ್ನೂ ಹೇಳಿ.

ಈ ನೀರು ಬಂದ ಮೇಲೆ ನಿಮ್ಮ ಬೋರಿನಲ್ಲಿ, ಬೆಳೆಯಲ್ಲಿ, ದನಕರುಗಳಲ್ಲಿ ಏನು ವ್ಯತ್ಯಾಸ ಕಂಡಿರಿ? ಒಳ್ಳೆಯದಿರಲಿ, ಕೆಟ್ಟದಿರಲಿ, ಯಾವ ವರ್ಷ, ಯಾವ ಬೆಳೆ, ಎಷ್ಟು ಇಳುವರಿ ಅಂತ ಒಂದು ಕಾರ್ಡಿನಲ್ಲಿ ಪತ್ರಿಕೆಗೆ ಬರೆದು ಕಳಿಸಿ. ಹತ್ತು ಊರಿನ ಅನುಭವ ಒಟ್ಟಿಗೆ ಅಚ್ಚಾದರೆ ಹನ್ನೊಂದನೇ ಊರಿನವರಿಗೆ ದಾರಿ ಆಗುತ್ತದೆ.